ಕೊಟ್ಟಿಗೆಗೊಂದು ನಾಯಿ: ತರುವ ಮುನ್ನ ಒಂದು ಲೆಕ್ಕ



ಈ ಪುಟದಲ್ಲಿ ಸಾಮಾನ್ಯವಾಗಿ ಕೆಚ್ಚಲು ಬಾವು, ಖನಿಜ ಮಿಶ್ರಣ, ಕರುಗಳ ಪಾಲನೆ ಇಂಥ ವಿಷಯಗಳನ್ನು ನೀವು ಓದುತ್ತೀರಿ. ಈ ಬಾರಿ ನಾಯಿಯ ವಿಷಯ ಬರೆಯುತ್ತಿದ್ದೇನೆ. ಹಾಲು ಕೊಡದ ಪ್ರಾಣಿಗೆ ಹಾಲಿನ ಪತ್ರಿಕೆಯಲ್ಲಿ ಏನು ಕೆಲಸ ಎಂದು ಕೇಳಬೇಡಿ. ನಮ್ಮ ಸದಸ್ಯರ ಮನೆಗಳಲ್ಲಿ ಬಹಳಷ್ಟು ಕಡೆ ಕೊಟ್ಟಿಗೆಯ ಬಾಗಿಲಲ್ಲಿ ಒಂದು ನಾಯಿ ಮಲಗಿರುತ್ತದೆ. ಆದರೆ ಅದಕ್ಕೆ ಯಾವ ಪುಸ್ತಕದಲ್ಲೂ ಲೆಕ್ಕವಿಲ್ಲ.

ಇದನ್ನು ಬರೆಯಲು ಕಾರಣವಾದದ್ದು ಒಂದು ಪ್ರಶ್ನೆ. ಕೆಲವು ತಿಂಗಳ ಹಿಂದೆ ಒಂದು ಸಂಘದಲ್ಲಿ ಬರಡು ರಾಸುಗಳ ಚಿಕಿತ್ಸಾ ಶಿಬಿರ ನಡೆಸಿ ಕೈ ತೊಳೆಯುತ್ತಿದ್ದೆ. ಸದಸ್ಯರೊಬ್ಬರು, ಅರವತ್ತು ದಾಟಿದ ಹೆಣ್ಣುಮಗಳು, ತಮ್ಮ ಹಸುವನ್ನು ತೋರಿಸಿ ಆದಮೇಲೂ ಹೋಗದೆ ನಿಂತಿದ್ದರು. ಅವರಿಗೆ ಎರಡು ಮಿಶ್ರತಳಿ ಹಸುಗಳು. ಮಗ ಬೆಂಗಳೂರಿನಲ್ಲಿ. ಕೊಟ್ಟಿಗೆ ಇರುವುದು ಮನೆಗೆ ಅಂಟಿಕೊಂಡು ಅಲ್ಲ, ರಸ್ತೆಯ ಆಚೆ ಬದಿಯಲ್ಲಿ. ಹನ್ನೊಂದು ವರ್ಷ ಅಲ್ಲಿ ಕಾವಲಿದ್ದ ನಾಯಿ ಯುಗಾದಿ ಕಳೆದ ವಾರ ಸತ್ತುಹೋಗಿತ್ತು.

"ಡಾಕ್ಟ್ರೇ, ರಾತ್ರಿ ಎರಡು ಸಲ ಎದ್ದು ಬ್ಯಾಟರಿ ಹಿಡ್ಕೊಂಡು ಹಸ ನೋಡಿ ಬರ್ತೀನಿ. ನಿದ್ದೆ ಇಲ್ಲ. ಮಗ ಇನ್ನೊಂದು ಮರಿ ತಗೊಂಡು ಬರ್ತೀನಿ ಅಂತಾನೆ. ನಾನೇ ಬ್ಯಾಡ ಅಂದೆ. ಮತ್ತೆ ಸಾಯೋದನ್ನೇ ತಂದು ಸಾಕೋದಾ?" ಎಂದು ಕೇಳಿದರು.

ನನಗೆ ಆಗ ಉತ್ತರ ಹೊಳೆಯಲಿಲ್ಲ. "ಯೋಚನೆ ಮಾಡಿ ಹೇಳ್ತೀನಮ್ಮ" ಎಂದು ಜೀಪು ಹತ್ತಿದೆ. ಹಸುವಿನ ಗರ್ಭಕೋಶದ ವಿಷಯ ಕೇಳಿದ್ದರೆ ತಟ್ಟನೆ ಹೇಳುತ್ತಿದ್ದೆ. ಆಮೇಲೆ ಯೋಚಿಸಿದ್ದನ್ನು ಅವರಿಗೂ ನಿಮಗೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಆಯಸ್ಸಿನ ಲೆಕ್ಕ

ನಾಯಿಯ ಆಯಸ್ಸು ಸುಮಾರು 10ರಿಂದ 13 ವರ್ಷ. ಚೆನ್ನಾಗಿ ನೋಡಿಕೊಂಡ ನಾಟಿ ನಾಯಿ ಇನ್ನೂ ಒಂದೆರಡು ವರ್ಷ ಹೆಚ್ಚು ಬದುಕಬಹುದು. ದೊಡ್ಡ ಗಾತ್ರದ ವಿದೇಶಿ ತಳಿಗಳು ಎಂಟು ಹತ್ತು ವರ್ಷಕ್ಕೇ ಮುದಿಯಾಗುತ್ತವೆ. ಅಂದರೆ ಮರಿಯನ್ನು ಮನೆಗೆ ತಂದ ದಿನವೇ ಅದರ ಸಾವನ್ನೂ ನಾವು ಒಪ್ಪಿಕೊಂಡು ತಂದ ಹಾಗೆ. ಇದು ಹಸುವಿಗೂ ಅನ್ವಯಿಸುವುದಿಲ್ಲವೇ ಎಂದು ಕೇಳಬಹುದು. ಅನ್ವಯಿಸುತ್ತದೆ, ಆದರೆ ನಮಗೆ ಅದು ಕಾಣುವುದಿಲ್ಲ. ಹಾಲು ಇಳಿದ ಹಸು ಬಹುಪಾಲು ಕೈ ಬದಲಾಗುತ್ತದೆ. ಅದರ ಮುಪ್ಪು ಇನ್ಯಾರದೋ ಅಂಗಳದಲ್ಲಿ ಕಳೆಯುತ್ತದೆ. ಕುರಿ, ಮೇಕೆ, ಕೋಳಿಯ ಮಾತಂತೂ ಹೇಳಬೇಕಾಗಿಲ್ಲ. ನಮ್ಮ ಮನೆಯ ಪ್ರಾಣಿಗಳಲ್ಲಿ ಸಂತೆಗೆ ಹೊಡೆಯದೆ ಕೊನೆಯವರೆಗೂ ಇಟ್ಟುಕೊಳ್ಳುವುದು ನಾಯಿಯನ್ನು ಮಾತ್ರ. ಹಲ್ಲು ಉದುರುವುದು, ಕಣ್ಣು ಮಂಜಾಗುವುದು, ಎದ್ದೇಳಲು ಒದ್ದಾಡುವುದು ಎಲ್ಲವೂ ನಮ್ಮ ಕಣ್ಣೆದುರಿಗೇ ಆಗುತ್ತದೆ. ಸಾವಿರಾರು ರಾಸುಗಳನ್ನು ಕೈಯಿಂದ ಮುಟ್ಟಿದ ರೈತರು ಒಂದು ನಾಯಿಗಾಗಿ ಅಳುವುದನ್ನು ನೋಡಿದ್ದೇನೆ. ಕಾರಣ ಇದೇ ಇರಬೇಕು.

ಆದ್ದರಿಂದ ಮೊದಲು ಕೂಡಿಸಬೇಕಾದದ್ದು ನಾಯಿಯ ವಯಸ್ಸನ್ನಲ್ಲ, ನಿಮ್ಮ ಮನೆಯ ವಯಸ್ಸನ್ನು. ಇಂದು ಮರಿ ತಂದರೆ ಇನ್ನು ಹನ್ನೆರಡು ವರ್ಷಕ್ಕೆ ಮನೆಯಲ್ಲಿ ಯಾರಿರುತ್ತಾರೆ? ಮರಿ ಬೇಕೆಂದು ಹಟ ಹಿಡಿದ ಮಗ ಅಷ್ಟು ಹೊತ್ತಿಗೆ ಓದು ಮುಗಿಸಿ ಊರು ಬಿಟ್ಟಿರುತ್ತಾನೆ. ಮಗಳು ಮದುವೆಯಾಗಿ ಹೋಗಿರುತ್ತಾಳೆ. ಮುದಿ ನಾಯಿ ಉಳಿಯುವುದು ಮುದಿ ತಂದೆತಾಯಿಯ ಪಾಲಿಗೆ. ನಮ್ಮ ಕೊಟ್ಟಿಗೆಗಳಲ್ಲಿ ಹಸುಗಳ ಕಥೆಯೂ ಈಗ ಹೀಗೇ ಆಗುತ್ತಿದೆ, ಆ ಮಾತು ಬೇರೆ ದಿನಕ್ಕಿರಲಿ.

ಖರ್ಚಿನ ಲೆಕ್ಕ

"ನಾಯಿಗೇನು ಸಾರ್, ಉಳಿದ ಬಳಿದ ತಿಂದ್ಕೊಂಡಿರುತ್ತೆ" ಎನ್ನುವುದು ರೂಢಿಯ ಮಾತು. ಹೀಗೆ ಸಾಕಿದ ನಾಯಿ ಪಕ್ಕೆಲುಬು ಎಣಿಸುವ ಹಾಗಿರುತ್ತದೆ, ಊರ ತಿಪ್ಪೆಯನ್ನೆಲ್ಲ ಕೆದಕುತ್ತದೆ, ಕಾವಲಿರಬೇಕಾದ ಹೊತ್ತಿನಲ್ಲಿ ಕೊಟ್ಟಿಗೆಯಲ್ಲಿರುವುದಿಲ್ಲ. ನಿಜವಾದ ಲೆಕ್ಕ ಹಾಕೋಣ.

ಸುಮಾರು 15 ಕಿಲೋ ತೂಗುವ ನಾಟಿ ನಾಯಿಗೆ ಎರಡು ಹೊತ್ತಿಗೂ ಸೇರಿ ದಿನಕ್ಕೆ 250 ಗ್ರಾಂ ರಾಗಿ ಹಿಟ್ಟು ಅಥವಾ ಅಕ್ಕಿ, ಜೊತೆಗೆ ಒಂದು ಬೇಯಿಸಿದ ಮೊಟ್ಟೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ ರಾಗಿ 90 ಕಿಲೋ, ಹತ್ತಿರ ಹತ್ತಿರ ಒಂದು ಮೂಟೆ. ಕಿಲೋಗೆ 36 ರೂಪಾಯಿ ಹಿಡಿದರೆ 3,240 ರೂಪಾಯಿ. ನಿಮ್ಮದೇ ಹೊಲದ ರಾಗಿಯಾದರೂ ಬೆಲೆ ಕಟ್ಟಿಯೇ ಬರೆದುಕೊಳ್ಳಿ. ಮೊಟ್ಟೆಗೆ 6 ರೂಪಾಯಿಯಂತೆ 2,190. ಲಸಿಕೆ, ಜಂತು ಔಷಧಿ, ಉಣ್ಣೆ ಔಷಧಿಗೆ 1,500. ಕಾಲಿಗೆ ಪೆಟ್ಟು, ಹುಣ್ಣು, ವಾಂತಿ ಭೇದಿ ಎಂದು ಒಂದಲ್ಲ ಒಂದು ಬರುವುದರಿಂದ ಅದಕ್ಕೆ 2,000 ಎತ್ತಿಡಿ. ಒಟ್ಟು 8,930 ರೂಪಾಯಿ. ಹಾಲಿಗೆ ಲೀಟರಿಗೆ 35 ರೂಪಾಯಿ ಸಿಗುತ್ತದೆಂದುಕೊಂಡರೆ ಇದು 255 ಲೀಟರು ಹಾಲಿನ ಹಣ. ದಿನಕ್ಕೆ ಎಂಟೂವರೆ ಲೀಟರು ಕೊಡುವ ಹಸು ಒಂದು ತಿಂಗಳು ಪೂರ್ತಿ ನಾಯಿಗಾಗಿಯೇ ಹಾಲು ಕೊಟ್ಟಂತೆ. ಹನ್ನೆರಡು ವರ್ಷಕ್ಕೆ ಒಂದು ಲಕ್ಷ ಮೀರುತ್ತದೆ, ಒಂದು ಒಳ್ಳೆಯ ಹಸುವಿನ ಬೆಲೆ. ನಿಮ್ಮ ಊರಿನ ದರಗಳನ್ನು ಹಾಕಿಕೊಂಡು ನೀವೇ ಒಮ್ಮೆ ಕೂಡಿಸಿ ನೋಡಿ.

ಇದರಲ್ಲಿ ನಾನು ಹಾಲು ಸೇರಿಸಿಲ್ಲ. ದಿನಕ್ಕೆ ಅರ್ಧ ಲೀಟರು ನಾಯಿಯ ತಟ್ಟೆಗೆ ಬಗ್ಗಿಸುವ ಸದಸ್ಯರಿದ್ದಾರೆ. ವರ್ಷಕ್ಕೆ 182 ಲೀಟರು ಮೇಲಾಯಿತು, ಆರು ಸಾವಿರಕ್ಕೂ ಹೆಚ್ಚು ರೂಪಾಯಿ. ಬೆಳೆದ ನಾಯಿಗೆ ಹಾಲಿನ ಅಗತ್ಯವೇ ಇಲ್ಲ. ಹಾಲಿನ ಸಕ್ಕರೆ ಅರಗದೆ ಎಷ್ಟೋ ನಾಯಿಗಳಿಗೆ ಭೇದಿಯಾಗುತ್ತದೆ. ಮುದ್ದೆ, ಅನ್ನ, ಬೇಯಿಸಿದ ಮೊಟ್ಟೆ, ಖಾರವಿಲ್ಲದ ಬೇಳೆ ಕಟ್ಟು, ಯಾವಾಗಲೂ ಶುದ್ಧ ನೀರು, ಇಷ್ಟು ಸಾಕು. ಈರುಳ್ಳಿ ಹೆಚ್ಚಾದರೆ ನಾಯಿಯ ರಕ್ತಕ್ಕೆ ಕೆಡುಕು. ಬೆಂದ ಕೋಳಿ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ. ನಮಗೆ ಕೊಡುವ ನೋವಿನ ಮಾತ್ರೆಗಳನ್ನು ನಾಯಿಗೆ ನುಂಗಿಸಬಾರದು, ಅದರಿಂದ ಸತ್ತ ನಾಯಿಗಳಿವೆ.

ಹಣದ ಜೊತೆಗೆ ಇನ್ನೊಂದು ಖರ್ಚಿದೆ. ಮದುವೆ, ಜಾತ್ರೆ, ತಿಥಿ ಎಂದು ಮನೆಮಂದಿಯೆಲ್ಲ ಎರಡು ದಿನ ಹೊರಗೆ ಹೋದರೆ ನಾಯಿಗೆ ಯಾರು ದಿಕ್ಕು? ಹೈನುಗಾರರಿಗೆ ಈ ತೊಂದರೆ ಅಷ್ಟಿಲ್ಲ ಎನ್ನಿ. ಹಸು ಕಟ್ಟಿದವನು ಮೊದಲೇ ಊರು ಬಿಟ್ಟು ಹೋಗುವ ಹಾಗಿಲ್ಲ. ಹಾಲು ಕರೆಯಲು ಬರುವವರೇ ಎರಡು ಮುದ್ದೆ ಹಾಕಿ ಹೋಗುತ್ತಾರೆ.

ನಾಯಿ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಕೊಟ್ಟಿಗೆ ನಾಯಿಯ ಕೆಲಸ ಬೊಗಳುವುದು. ಹೋರಾಡುವುದಲ್ಲ. ಹೊಸಬರು ಬಂದರೆ, ಹಗ್ಗ ಬಿಚ್ಚಿಕೊಂಡು ಹಸು ಹೊರಬಿದ್ದರೆ, ಹಾವು ಹರಿದರೆ ಅದು ಕೂಗಿ ಹೇಳಬೇಕು, ನೀವು ಎದ್ದು ಬರಬೇಕು. ಕೂಗು ಕೇಳುವಷ್ಟು ಹತ್ತಿರದಲ್ಲಿ ಎದ್ದು ಬರುವ ಮನುಷ್ಯನಿಲ್ಲದಿದ್ದರೆ ನಾಯಿಯಿಂದ ಪ್ರಯೋಜನವಿಲ್ಲ. ಊರಿಂದ ಒಂದು ಮೈಲಿ ದೂರದ ತೋಟದ ಕೊಟ್ಟಿಗೆಯಲ್ಲಿ ನಾಯಿಯನ್ನು ಒಂಟಿಯಾಗಿ ಕಟ್ಟಿ ಬರುವುದು ಕಾವಲಲ್ಲ, ಶಿಕ್ಷೆ.

ಚಿರತೆ ಓಡಾಡುವ ಸೀಮೆಯವರು ಇದನ್ನು ಇನ್ನೂ ಎಚ್ಚರದಿಂದ ಗಮನಿಸಬೇಕು. ನಾಯಿ ಎಂದರೆ ಚಿರತೆಗೆ ಸುಲಭದ ಆಹಾರ. ರಾತ್ರಿ ಬಯಲಲ್ಲಿ ಸರಪಳಿ ಬಿಗಿದ ನಾಯಿ ಎಂದರೆ ಎಲೆ ಹಾಕಿ ಬಡಿಸಿಟ್ಟಂತೆ. ನಾಯಿಯನ್ನು ಹಿಡಿಯಲು ಬಂದ ಚಿರತೆ ಪಕ್ಕದ ಕರುವನ್ನೂ ನೋಡಿಕೊಂಡು ಹೋಗುತ್ತದೆ. ಅಂಥ ಕಡೆ ರಾತ್ರಿ ನಾಯಿಗೂ ಕರುವಿಗೂ ಬಾಗಿಲಿರುವ, ಜಾಲರಿ ಹಾಕಿದ ಜಾಗ ಬೇಕೇ ಬೇಕು. ಅದನ್ನು ಮಾಡಲಾಗದಿದ್ದರೆ ನಾಯಿ ತರಬೇಡಿ.

ತಳಿಯ ವಿಷಯ ಎರಡೇ ಮಾತು. ನಮ್ಮ ಮುಧೋಳ ನಾಯಿಗೆ 2005ರಲ್ಲಿ ಭಾರತೀಯ ಅಂಚೆ ಇಲಾಖೆ ಅಂಚೆಚೀಟಿ ತಂದಿತು, ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಹೆಮ್ಮೆ ಪಡುವ ತಳಿಯೇ ಸರಿ. ಆದರೆ ಅದು ಕಣ್ಣಿಗೆ ಬಿದ್ದ ಬೇಟೆಯನ್ನು ಅಟ್ಟಿಸಿಕೊಂಡು ಓಡುವ ನಾಯಿ. ಪ್ರತಿದಿನ ಓಡಿಸದೆ ಕಂಬಕ್ಕೆ ಕಟ್ಟಿದರೆ ಅದಕ್ಕೂ ಹಿಂಸೆ, ಪಕ್ಕದವರ ಮೇಕೆಗೂ ಅಪಾಯ. ಸಾವಿರಾರು ರೂಪಾಯಿ ಕೊಟ್ಟು ತರುವ ದಪ್ಪ ಕೂದಲಿನ ವಿದೇಶಿ ತಳಿಗಳು ನಮ್ಮ ಬಿಸಿಲಿಗೆ ಏದುಸಿರು ಬಿಡುತ್ತಾ ನೆರಳಲ್ಲಿ ಮಲಗುತ್ತವೆ. ಹೈನುಗಾರನಿಗೆ ನಾಟಿ ನಾಯಿಯೇ ಸಾಕು ಎನ್ನುವುದು ನನ್ನ ಅಭಿಪ್ರಾಯ.

ಹೆಣ್ಣು ನಾಯಿ ಬೇಡವೆಂದು ಎಲ್ಲರೂ ಹೇಳುತ್ತಾರೆ. ಸಾಮಾನ್ಯವಾಗಿ ವರ್ಷಕ್ಕೆ ಎರಡು ಬಾರಿ ಬೆದೆಗೆ ಬರುತ್ತದೆ, 63 ದಿನಕ್ಕೆ ನಾಲ್ಕಾರು ಮರಿ ಹಾಕುತ್ತದೆ, ಅವುಗಳನ್ನು ಗೋಣಿಚೀಲದಲ್ಲಿ ಹಾಕಿ ಸಂತೆ ಮಾಳದಲ್ಲಿ ಬಿಟ್ಟು ಬರುವ ಪಾಪ ಯಾರಿಗೂ ಬೇಡ. ಆದರೆ ಆರು ತಿಂಗಳ ನಂತರ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಹೆಣ್ಣು ನಾಯಿ ಮನೆ ಬಿಟ್ಟು ಅಲೆಯುವುದಿಲ್ಲ, ಕಾವಲಿಗೆ ಗಂಡಿಗಿಂತ ಒಂದು ಕೈ ಮೇಲು.

ನಾಯಿಯಿಂದ ರಾಸುಗಳಿಗೆ ಬರುವ ರೋಗಗಳು

ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. ನಾಯಿ ತರಬೇಕೋ ಬೇಡವೋ ಎಂಬ ತೀರ್ಮಾನದಲ್ಲಿ ಇದರ ತೂಕ ದೊಡ್ಡದು.

ಮೊದಲನೆಯದು ಹುಚ್ಚುನಾಯಿ ರೋಗ, ಅಂದರೆ ರೇಬೀಸ್. ನಿಮ್ಮ ನಾಯಿಗೆ ಮೂರು ತಿಂಗಳ ವಯಸ್ಸಿನಲ್ಲಿ ಮೊದಲ ಲಸಿಕೆ, ವೈದ್ಯರು ಹೇಳಿದಂತೆ ಮತ್ತೊಂದು, ಆಮೇಲೆ ವರ್ಷಕ್ಕೊಮ್ಮೆ ತಪ್ಪದೆ ಹಾಕಿಸಬೇಕು. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಅದರ ಆಸುಪಾಸಿನಲ್ಲಿ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕಾ ಶಿಬಿರಗಳು ನಡೆಯುವುದುಂಟು, ವಿಚಾರಿಸಿ. ಲಸಿಕೆ ಹಾಕಿದ ನಾಯಿ ನಿಮ್ಮ ಕೊಟ್ಟಿಗೆಗೂ ಊರ ಹುಚ್ಚು ನಾಯಿಗೂ ನಡುವೆ ಒಂದು ಬೇಲಿ ಇದ್ದಂತೆ. ಲಸಿಕೆ ಇಲ್ಲದ ನಾಯಿ ಎಂದರೆ ಅದೇ ಬೇಲಿಯಲ್ಲಿ ಒಂದು ತೂತು.

ಹುಚ್ಚು ನಾಯಿ ಕಚ್ಚಿದ ಹಸುವಿನಲ್ಲಿ ರೋಗ ಕೆಲವು ವಾರಗಳಿಂದ ಹಿಡಿದು ಕೆಲವು ತಿಂಗಳುಗಳ ನಂತರ ಕಾಣಿಸಬಹುದು. ಕಚ್ಚಿದ್ದನ್ನು ಅಷ್ಟರಲ್ಲಿ ಮರೆತಿರುತ್ತೀರಿ, ಅಥವಾ ನೋಡಿಯೇ ಇರುವುದಿಲ್ಲ. ಹಸು ಮೇವು ಬಿಡುತ್ತದೆ, ಜೊಲ್ಲು ಸುರಿಸುತ್ತದೆ, ಒಡಕು ದನಿಯಲ್ಲಿ ಬಿಡದೆ ಕೂಗುತ್ತದೆ, ನೀರು ನುಂಗಲಾರದೆ ಒದ್ದಾಡುತ್ತದೆ, ಪದೇ ಪದೇ ತಿಣುಕುತ್ತದೆ. ಇದನ್ನು ನೋಡಿದವರು ಗಂಟಲಿಗೆ ಏನೋ ಸಿಕ್ಕಿಕೊಂಡಿದೆ ಎಂದುಕೊಂಡು ಬಾಯೊಳಗೆ ಕೈ ಹಾಕುತ್ತಾರೆ. ಇದಕ್ಕಿಂತ ಅಪಾಯದ ಕೆಲಸ ಇನ್ನೊಂದಿಲ್ಲ. ಜೊಲ್ಲಿನಲ್ಲೇ ರೋಗಾಣು ಇರುತ್ತದೆ, ಬೆರಳಿನ ಒಂದು ತರಚು ಗಾಯ ಸಾಕು. ಗಂಟಲು ಕಟ್ಟಿದಂತೆ ಕಂಡ ಯಾವ ರಾಸುವಿನ ಬಾಯಿಗೂ ಬರಿಗೈ ಹಾಕಬೇಡಿ. ವೈದ್ಯರಿಗೆ ಹೇಳಿ ಕಳಿಸಿ, ಹಸುವನ್ನು ಬೇರೆ ಕಟ್ಟಿ, ಮಕ್ಕಳನ್ನು ದೂರವಿಡಿ. ಅದರ ಹಾಲನ್ನು ಕುಡಿಯಬಾರದು, ಡೇರಿಗೂ ಹಾಕಬಾರದು. ಲಕ್ಷಣ ಕಂಡ ಮೇಲೆ ಚಿಕಿತ್ಸೆ ಇಲ್ಲ.

ಕಚ್ಚಿದ್ದನ್ನು ಕಣ್ಣಾರೆ ಕಂಡರೆ ಹಸುವಿನ ಗಾಯವನ್ನು ಕೂಡಲೇ ಸೋಪು ನೀರಿನಿಂದ ಕಾಲು ಗಂಟೆ ತೊಳೆಯಿರಿ, ತೊಳೆಯುವಾಗ ಕೈಗವಸು ಇರಲಿ. ಅಂದೇ ಲಸಿಕೆ ಆರಂಭಿಸಬೇಕು. ಕಚ್ಚಿದ ದಿನ, ನಂತರ 3, 7, 14 ಮತ್ತು 28ನೇ ದಿನ. ಮನುಷ್ಯರಿಗೂ ಮೊದಲ ಕೆಲಸ ತೊಳೆಯುವುದೇ. ಸುಣ್ಣ, ಖಾರದ ಪುಡಿ, ಅರಿಶಿನ ಯಾವುದನ್ನೂ ಮೆತ್ತಬಾರದು. ನೇರವಾಗಿ ಸರ್ಕಾರಿ ಆಸ್ಪತ್ರೆಗೆ ಹೋಗಿ. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂಬ ಭಯ ಹಳಬರಲ್ಲಿ ಇನ್ನೂ ಇದೆ. ಆ ಹಳೆಯ ಲಸಿಕೆ ನಿಂತು ಎಷ್ಟೋ ವರ್ಷವಾಯಿತು. ಈಗ ತೋಳಿಗೆ ಕೊಡುತ್ತಾರೆ, ಆಳವಾದ ಗಾಯವಾಗಿದ್ದರೆ ಗಾಯದ ಸುತ್ತಲೂ ಇನ್ನೊಂದು ಔಷಧಿ ಕೊಡುತ್ತಾರೆ. ಡೋಸುಗಳನ್ನು ಅರ್ಧಕ್ಕೆ ಬಿಡಬೇಡಿ.

ಎರಡನೆಯದು ಹಲವರಿಗೆ ತಿಳಿಯದ ವಿಷಯ. ಹಸು ಕರು ಹಾಕಿದಾಗ ಬೀಳುವ ಸತ್ತೆಯನ್ನು, ಕಂದು ಹಾಕಿದ ಭ್ರೂಣವನ್ನು ನಾಯಿ ಎಳೆದುಕೊಂಡು ಹೋಗಿ ತಿನ್ನುತ್ತದೆ. ಎಷ್ಟೋ ಕಡೆ ಅದನ್ನು ನಾವೇ ತಿಪ್ಪೆಗೆ ಎಸೆದು ದಾರಿ ಮಾಡಿಕೊಡುತ್ತೇವೆ. ನಿಯೋಸ್ಪೊರಾ ಎಂಬ ಸೂಕ್ಷ್ಮ ಪರೋಪಜೀವಿ ಹೀಗೆ ನಾಯಿಯ ಹೊಟ್ಟೆ ಸೇರಿ ಅದರ ಮಲದಲ್ಲಿ ಹೊರಬೀಳುತ್ತದೆ. ಆ ಮಲ ಬಿದ್ದ ಮೇವು ನೀರು ಸೇವಿಸಿದ ಗಬ್ಬದ ಹಸು ಐದಾರು ತಿಂಗಳಲ್ಲಿ ಕಂದು ಹಾಕಬಹುದು. ಇದಕ್ಕೆ ಹಸುವಿನಲ್ಲಿ ನೆಚ್ಚಿಕೊಳ್ಳಬಹುದಾದ ಔಷಧಿ ಇಲ್ಲ. ಕಂದು ಹಾಕಲು ಬೇರೆ ಕಾರಣಗಳೂ ಇವೆ, ಎಲ್ಲದಕ್ಕೂ ನಾಯಿಯನ್ನು ದೂರಬೇಡಿ. ಆದರೆ ಸತ್ತೆಯನ್ನು, ಕಂದನ್ನು ಸುಣ್ಣ ಹಾಕಿ ಆಳವಾಗಿ ಹೂಳುವುದು, ಗೋದಲಿಯ ಮೇಲೆ, ಹುಲ್ಲಿನ ಮೆದೆಯ ಮೇಲೆ, ಹಿಂಡಿ ಚೀಲಗಳ ಮೇಲೆ ನಾಯಿ ಮಲಗದಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ.

ಮೂರನೆಯದು ಜಂತು. ಕುರಿ, ದನದ ಹಸಿ ಶ್ವಾಸಕೋಶ, ಪಿತ್ತಜನಕಾಂಗ ತಿಂದ ನಾಯಿಯ ಹೊಟ್ಟೆಯಲ್ಲಿ ಒಂದು ಜಾತಿಯ ಪುಟ್ಟ ಲಾಡಿಹುಳು ಬೆಳೆಯುತ್ತದೆ. ಅದರ ಮೊಟ್ಟೆ ಕೈಯಿಂದ ಬಾಯಿಗೆ ಹೋದರೆ ಮನುಷ್ಯನ ಪಿತ್ತಜನಕಾಂಗದಲ್ಲಿ ನೀರುಗುಳ್ಳೆ ಕಟ್ಟುತ್ತದೆ. ಹಸಿ ಮಾಂಸದ ತುಂಡು ನಾಯಿಗೆ ಎಸೆಯಬೇಡಿ. ಮರಿಗೆ ಎರಡು ಮೂರು ವಾರದಿಂದಲೇ ಜಂತು ಔಷಧಿ ಶುರುಮಾಡಿ ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಬೆಳೆದ ಮೇಲೆ ಮೂರು ತಿಂಗಳಿಗೊಮ್ಮೆ ಕೊಡಿಸಿ. ನಾಯಿ ಮುಟ್ಟಿದ ಕೈಯನ್ನು ಹಾಲು ಕರೆಯುವ ಮುನ್ನ ಸೋಪಿನಿಂದ ತೊಳೆಯಿರಿ. ಉಣ್ಣೆಗೆ ಔಷಧಿ ಹಾಕುವಾಗ ನಾಯಿಗೂ ಅದರ ಮಲಗುವ ಜಾಗಕ್ಕೂ ಹಾಕಿ. ಆದರೆ ಹಸುವಿಗೆ ಕೊಟ್ಟ ಉಣ್ಣೆ ಔಷಧಿಯನ್ನು ಅಳತೆ ಕೇಳದೆ ನಾಯಿಯ ಮೈಗೆ ಬಳಿಯಬೇಡಿ.

ನನ್ನ ಮನೆಯ ಮರಿ

ಮೇಲೆ ಇಷ್ಟೆಲ್ಲ ಬರೆದ ನಾನು ಒಂದು ತಪ್ಪೊಪ್ಪಿಗೆಯನ್ನೂ ಬರೆಯಬೇಕು. ಹಲವು ವರ್ಷಗಳ ಹಿಂದೆ ನನ್ನ ಮಗಳು ಚಿಕ್ಕವಳಿದ್ದಾಗ ಮನೆಗೆ ಒಂದು ನಾಟಿ ಮರಿ ತಂದೆ. ಮರಿಗಳಿಗೆ ಆರರಿಂದ ಎಂಟು ವಾರದ ಹೊತ್ತಿಗೆ ಪಾರ್ವೊ ಮತ್ತು ಡಿಸ್ಟೆಂಪರ್ ವಿರುದ್ಧದ ಕೂಡು ಲಸಿಕೆ ಹಾಕಿ, ಮೂರು ನಾಲ್ಕು ವಾರಕ್ಕೊಮ್ಮೆ ಅದನ್ನು ಮತ್ತೆ ಕೊಡಬೇಕು. ಇದು ಎಲ್ಲರಿಗಿಂತ ನನಗೆ ಚೆನ್ನಾಗಿ ಗೊತ್ತು. ಆದರೆ ಆಗ ಕಾಲುಬಾಯಿ ಜ್ವರದ ಲಸಿಕಾ ಕಾರ್ಯಕ್ರಮ ನಡೆಯುತ್ತಿತ್ತು. ಬೆಳಿಗ್ಗೆ ಆರಕ್ಕೆ ಐಸ್ ಪೆಟ್ಟಿಗೆ ಹಿಡಿದು ಹೊರಟರೆ ಮನೆ ಸೇರುವಾಗ ಕತ್ತಲು. ನಾಳೆ ಹಾಕಿದರಾಯಿತು, ಭಾನುವಾರ ಹಾಕಿದರಾಯಿತು ಎಂದು ಮೂರು ವಾರ ತಳ್ಳಿದೆ. ಊರಿನ ರಾಸುಗಳಿಗೆಲ್ಲ ಸೂಜಿ ಚುಚ್ಚಿದವನ ಮನೆಯ ಮರಿಗೆ ಲಸಿಕೆಯಿಲ್ಲ.

ಒಂದು ಬೆಳಿಗ್ಗೆ ಮರಿ ವಾಂತಿ ಮಾಡಿತು. ಸಂಜೆಗೆ ರಕ್ತಭೇದಿ. ಗ್ಲೂಕೋಸು ಏರಿಸಿದೆ, ರಾತ್ರಿಯೆಲ್ಲ ಕೂತೆ. ಮೂರನೇ ದಿನ ಹೋಯಿತು. ಮಗಳು ಅತ್ತಳು, ಆದರೆ ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಎರಡು ವರ್ಷ ನಮ್ಮ ಮನೆಯಲ್ಲಿ ನಾಯಿಯ ಮಾತೇ ಬರಲಿಲ್ಲ.

ಆ ನಂತರ ಬಂದ ನಾಯಿ ಹನ್ನೆರಡು ವರ್ಷ ಬಾಳಿತು. ಕೊನೆಗೆ ಮೂತ್ರಪಿಂಡ ಕೈಕೊಟ್ಟಿತು. ಬೇರೆಯವರ ನಾಯಿಯಾಗಿದ್ದರೆ ಎರಡನೇ ದಿನವೇ ಹೇಳಬೇಕಾದ ಮಾತನ್ನು ನನ್ನ ನಾಯಿಗೆ ಹೇಳಲು ಆರು ದಿನ ತೆಗೆದುಕೊಂಡೆ. ಆ ನಾಲ್ಕು ದಿನ ಅದು ಪಟ್ಟ ಕಷ್ಟ ನನ್ನ ಲೆಕ್ಕಕ್ಕೆ ಸೇರಿದ್ದು. ಮೊದಲನೆಯ ಮರಿಯ ಸಾವು ಇವತ್ತಿಗೂ ಚುಚ್ಚುತ್ತದೆ. ಎರಡನೆಯದರ ಸಾವು ನೋಯುತ್ತದೆ, ಚುಚ್ಚುವುದಿಲ್ಲ, ಆ ಕೊನೆಯ ನಾಲ್ಕು ದಿನ ಬಿಟ್ಟು. ಸಾವು ಎರಡೂ ಸಾವೇ. ನಾವು ಮಾಡಬೇಕಾದದ್ದನ್ನು ಮಾಡಿದ್ದೆವೋ ಇಲ್ಲವೋ ಎಂಬುದರಲ್ಲಿ ವ್ಯತ್ಯಾಸ. ಆ ತಾಯಿಯ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇಲ್ಲಿಂದಲೇ. ಹನ್ನೊಂದು ವರ್ಷ ಹೊತ್ತು ಹೊತ್ತಿಗೆ ಹಾಕಿ, ಸೂಜಿ ಹಾಕಿಸಿ ಸಾಕಿದವರು ಇನ್ನೊಂದನ್ನು ತರಲು ಹೆದರಬೇಕಾಗಿಲ್ಲ. ಅರ್ಧಂಬರ್ಧ ಸಾಕುವವರು ಹೆದರಬೇಕು.

ಕೊನೆಗಾಲ

ಮುದಿ ನಾಯಿ ತಾನಾಗಿ ಎದ್ದು ನಿಲ್ಲುತ್ತದೆಯೇ, ನೀರು ಕುಡಿಯುತ್ತದೆಯೇ, ಮಲಗಿದಲ್ಲೇ ಮಲಮೂತ್ರ ಮಾಡಿಕೊಳ್ಳುತ್ತಿದೆಯೇ, ನೋವಿನಿಂದ ರಾತ್ರಿಯೆಲ್ಲ ನರಳುತ್ತಿದೆಯೇ ಎಂದು ನಾಲ್ಕು ದಿನ ಗಮನಿಸಿ ಬರೆದಿಟ್ಟುಕೊಂಡು ಪಶುವೈದ್ಯರಿಗೆ ತೋರಿಸಿ. ವಾಸಿಯಾಗುವ ದಾರಿಯಿಲ್ಲ ಎಂದಾದರೆ ದಯಾಮರಣ ಕೊಡಬಹುದು. ಅರಿವಳಿಕೆಯನ್ನು ಹೆಚ್ಚಿನ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಡುತ್ತಾರೆ, ನಾಯಿ ನಿದ್ದೆಗೆ ಜಾರಿದಂತೆ ಹೋಗುತ್ತದೆ. ವಿಷ ಹಾಕುವುದು, ಬೇರೆ ಊರಿನ ಎಲ್ಲೆಯಲ್ಲಿ ಬಿಟ್ಟು ಬರುವುದು ಬೇಡ, ಎರಡೂ ಕಾನೂನಿಗೂ ವಿರುದ್ಧ. ಬಾವಿ, ಕೊಳವೆಬಾವಿಗಳಿಂದ ದೂರ ಐದಾರು ಅಡಿ ಗುಂಡಿ ತೆಗೆದು ಸುಣ್ಣ ಹಾಕಿ ಹೂಳಿ.

ನಾಯಿಗಾಗಿ ಅತ್ತರೆ ಊರವರು ನಕ್ಕಾರು ಎಂಬ ಸಂಕೋಚ ಕೆಲವರಿಗೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಎಂಬ ಊರಿದೆ. ಸಾವಿರ ವರ್ಷಕ್ಕೂ ಹಿಂದೆ, ಕ್ರಿ.ಶ. 949-50ರ ಸುಮಾರಿಗೆ, ಗಂಗರ ಬೂತುಗನಿಂದ ಮಣಲೇರ ಎಂಬ ವೀರ ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಅದು ಒಂದು ಕಾಡುಹಂದಿಯೊಡನೆ ಹೋರಾಡಿ, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಅದಕ್ಕಾಗಿ ಆತಕೂರಿನ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ, ಆ ಕಲ್ಲಿನ ಪೂಜೆಗೆ ಭೂಮಿ ಬಿಟ್ಟರು. ಹಳಗನ್ನಡದ ಆ ಶಾಸನ, ನಾಯಿ ಹಂದಿಗಳ ಚಿತ್ರದ ಸಮೇತ, ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಯುದ್ಧಕ್ಕೆ ಹೋಗಿ ಬಂದ ವೀರ ನಾಯಿಗೆ ಕಲ್ಲು ನೆಡಿಸಿದ ನಾಡು ಇದು. ನಾವು ಎರಡು ಹನಿ ಕಣ್ಣೀರು ಹಾಕಿದರೆ ತಪ್ಪೇನು?

ಯಾರಿಗೆ ಬೇಡ

ಮನೆಯಲ್ಲಿ ಒಬ್ಬರಾದರೂ ಇದು ನನ್ನ ಜವಾಬ್ದಾರಿ ಎಂದು ಒಪ್ಪಿಕೊಳ್ಳದಿದ್ದರೆ ನಾಯಿ ಬೇಡ. ವರ್ಷಕ್ಕೊಂದು ಲಸಿಕೆಗೆ ಪಶು ಆಸ್ಪತ್ರೆಗೆ ಕರೆದೊಯ್ಯಲು ಆಗದಿದ್ದರೆ ಬೇಡ. ಹಗಲೂ ರಾತ್ರಿ ಸರಪಳಿಯಲ್ಲೇ ಇಡಬೇಕಾದರೆ ಬೇಡ, ಅಂಥ ನಾಯಿಯೇ ಕಚ್ಚುವ ನಾಯಿಯಾಗುತ್ತದೆ. ಕಾವಲೊಂದೇ ಉದ್ದೇಶವಾದರೆ ಕೊಟ್ಟಿಗೆಗೆ ಒಂದು ಗಟ್ಟಿ ಬಾಗಿಲು, ಬೀಗ, ಒಂದು ದೀಪ ಹಾಕಿಸಿ ನೋಡಿ. ಒಂದು ವರ್ಷದ ನಾಯಿಯ ಖರ್ಚಿನಲ್ಲಿ ಅದರ ಬಹುಭಾಗ ಆಗಿಹೋಗುತ್ತದೆ. ಬೇಡ ಎಂದು ತೀರ್ಮಾನಿಸುವುದರಲ್ಲಿ ಕುಂದೇನಿಲ್ಲ.

ವಯಸ್ಸಾದವರಿಗೆ ಮರಿಗಿಂತ ಬೆಳೆದ ನಾಯಿ ಮೇಲು. ಮರಿಯ ಓಡಾಟ, ಕಡಿತ, ರೋಗಗಳ ಕಾಟವಿಲ್ಲ. ಸ್ವಭಾವ ಮೊದಲೇ ಕಾಣುತ್ತದೆ. ಮೂರು ನಾಲ್ಕು ವರ್ಷದ ನಾಯಿ ಇನ್ನೂ ಏಳೆಂಟು ವರ್ಷ ಜೊತೆಗಿರುತ್ತದೆ, ಸಾಕುವವರ ಶಕ್ತಿಗೂ ಸರಿಹೊಂದುತ್ತದೆ.

ಎರಡು ತಿಂಗಳ ನಂತರ ಅದೇ ಸಂಘಕ್ಕೆ ಹೋದಾಗ ಆ ತಾಯಿಗೆ ಇದನ್ನೆಲ್ಲ ಹೇಳಿದೆ. ಅವರು ಸಂಘದ ಬಾಗಿಲ ಕಡೆ ಕೈ ತೋರಿಸಿದರು. ಹಾಲು ಅಳೆಯುವ ಹೊತ್ತಿಗೆ ಪ್ರತಿದಿನ ಬಂದು ಮೆಟ್ಟಿಲ ಬಳಿ ಮಲಗುವ ಕಂದು ಬಣ್ಣದ ಹೆಣ್ಣು ನಾಯಿ. ಯಾರದೂ ಅಲ್ಲ. ಹಲ್ಲು ನೋಡಿದೆ, ಮೂರು ವರ್ಷ ಇರಬಹುದು.

"ಇದಾದ್ರೆ ನಾನು ಇರೋವರೆಗೂ ಇರುತ್ತಾ?" ಎಂದರು.

"ಹೇಳೋಕಾಗಲ್ಲಮ್ಮ. ಅಕಸ್ಮಾತ್ ಅದೇ ಹಿಂದೆ ಉಳಿದ್ರೆ ಮುದ್ದೆ ಹಾಕೋರು ಯಾರು, ಮೊದ್ಲು ಮಾತಾಡ್ಕೊಳ್ಳಿ" ಎಂದೆ. ಪಕ್ಕದ ಮನೆಯ ಹುಡುಗ, ಅವರಿಗೆ ಹುಲ್ಲು ಕೊಯ್ದು ಕೊಡುವವನು, ಒಪ್ಪಿಕೊಂಡಿದ್ದಾನೆ. ಕೊಟ್ಟಿಗೆಗೆ ಮಗ ಬಂದು ಬಾಗಿಲು ಕೂರಿಸಿದ. ಶಸ್ತ್ರಚಿಕಿತ್ಸೆ ಆಯಿತು. ರೇಬೀಸ್ ಲಸಿಕೆ ಹಾಕಿ, ಮುಂದಿನ ಲಸಿಕೆಯ ತಾರೀಖನ್ನು ಎಲ್ಲಿ ಬರೆದುಕೊಡಲಿ ಎಂದು ಕೇಳಿದಾಗ ಹಾಲಿನ ಪುಸ್ತಕವನ್ನೇ ಮುಂದೆ ಹಿಡಿದರು. ಹಿಂಬದಿಯ ರಟ್ಟಿನ ಮೇಲೆ ಬರೆದುಕೊಟ್ಟಿದ್ದೇನೆ.

ನಿಮ್ಮ ನಾಯಿಯ ಲಸಿಕೆಯ ತಾರೀಖು ನೆನಪಿಲ್ಲದ ಸದಸ್ಯರು ಮುಂದಿನ ಬಟವಾಡೆಯ ದಿನ ಸಂಘದ ಕಾರ್ಯದರ್ಶಿಯವರ ಬಳಿ ಹೆಸರು ಬರೆಸಿ. ಒಂದು ಸಂಘದಲ್ಲಿ ಹತ್ತು ನಾಯಿಗಳ ಹೆಸರು ಸೇರಿದರೆ, ಪಶು ಆಸ್ಪತ್ರೆಯವರನ್ನು ಕೇಳಿಕೊಂಡು ಅಲ್ಲಿಗೇ ಬಂದು ಲಸಿಕೆ ಹಾಕುವ ವ್ಯವಸ್ಥೆ ಮಾಡಲು ಪ್ರಯತ್ನಿಸುತ್ತೇನೆ. ಬರುವಾಗ ನಾಯಿಗೆ ಹಗ್ಗ ಇರಲಿ, ಹಿಡಿದುಕೊಳ್ಳುವವರು ಅದಕ್ಕೆ ಪರಿಚಯದವರೇ ಆಗಿರಲಿ.